ದಲಾಲಿಯ ಮೇಲೆ ಬೋನಸ್ಸು: ಯಾರ ಗಂಟು?



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ನೆಲಕ್ಕೆ ಎರಡು ಬೆಲೆ. ಮೇಲಿನ ಕಪ್ಪು ಮಣ್ಣಿಗೆ ತೊಗರಿಯ ಬೆಲೆ. ಕೆಳಗಿನ ಸುಣ್ಣದ ಕಲ್ಲಿಗೆ ಸಿಮೆಂಟಿನ ಬೆಲೆ. ಕಾರ್ಖಾನೆ, ಕಲ್ಲಿನ ಗಣಿ, ರೈಲು ಜಂಕ್ಷನ್, ರಸ್ತೆ ಬದಿಯ ಪ್ಲಾಟು ಇದ್ದಲ್ಲಿ ಜಮೀನಿನ ದಲಾಲರೂ ಇದ್ದೇ ಇರುತ್ತಾರೆ. ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಒಕ್ಕಲುತನ ಮಾಡದವರೂ ನಮ್ಮ ಹೊಲಗಳನ್ನು ಕೊಳ್ಳಬಹುದಾಗಿದೆ. ದಲಾಲರ ಓಡಾಟಕ್ಕೆ ದಾರಿ ಇನ್ನಷ್ಟು ಅಗಲವಾಗಿದೆ.

ದಲಾಲಿ ಮಾಡುವುದು ತಪ್ಪಲ್ಲ. ಕೊಳ್ಳುವವನನ್ನೂ ಮಾರುವವನನ್ನೂ ಕೂಡಿಸಿ, ಕಾಗದಪತ್ರಕ್ಕಾಗಿ ಅಲೆದಾಡಿದವನಿಗೆ ಅವನ ಕೂಲಿ ಸಲ್ಲಬೇಕು. ಈ ವಾರ ತಮ್ಮ ಗಮನಕ್ಕೆ ತರಬೇಕಾದದ್ದು ದಲಾಲಿಯ ಮೇಲೆ ಕೊಡುತ್ತೇವೆ ಎನ್ನುವ ಬೋನಸ್ಸಿನ ಮಾತು.

ಈ ಮಾತಿನ ಕಟ್ಟು ಹೀಗಿರುತ್ತದೆ. ಪಟ್ಟಣದ ದೊಡ್ಡ ಏಜೆಂಟನು ಹಳ್ಳಿಯಲ್ಲಿ ಒಬ್ಬ ಓದಿದ ಹುಡುಗನನ್ನು ಹಿಡಿಯುತ್ತಾನೆ. "ನೂರಕ್ಕೆ ಒಂದು ರೂಪಾಯಿ ದಲಾಲಿ, ಮೂರು ತಿಂಗಳಲ್ಲಿ 25 ಎಕರೆ ಕೂಡಿಸಿದರೆ ಮೇಲೆ ಲಕ್ಷ ರೂಪಾಯಿ ಬೋನಸ್ಸು" ಎನ್ನುತ್ತಾನೆ. ಹುಡುಗನ ಕಣ್ಣಿಗೆ ಲಕ್ಷ ಕಾಣುತ್ತದೆ, ಷರತ್ತು ಕಾಣುವುದಿಲ್ಲ. 22 ಎಕರೆಗೆ ನಿಂತರೆ ಬೋನಸ್ಸಿಲ್ಲ. 25 ಎಕರೆ ಕೂಡಿದರೂ ಎಲ್ಲ ಖರೀದಿ ಪತ್ರಗಳು ನೋಂದಣಿಯಾಗಬೇಕು. ಒಬ್ಬ ರೈತ ಹಿಂದೆ ಸರಿದರೆ ಲೆಕ್ಕ ಮುರಿಯಿತು. ಎಷ್ಟು ಎಕರೆ ಕೂಡಿತೆಂದು ಬರೆದುಕೊಳ್ಳುವವನು ದೊಡ್ಡ ಏಜೆಂಟನೇ. ಹುಡುಗನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಆದರೂ ಆ ಬೋನಸ್ಸಿನ ಆಸೆ ತನ್ನ ಕೆಲಸ ಮಾಡಿಬಿಡುತ್ತದೆ. ಗಡುವು ಮುಗಿಯುತ್ತದೆಂದು ಹುಡುಗನು ಕಾಕಾ, ಮಾವ, ಮಗ್ಗುಲ ಹೊಲದವರು ಎನ್ನದೆ ಎಲ್ಲರ ಬೆನ್ನು ಹತ್ತುತ್ತಾನೆ. "ಇಂದೇ ಸಂಚಕಾರ ಹಿಡಿಯಿರಿ, ನಾಳೆ ಈ ಬೆಲೆ ಸಿಗದು" ಎನ್ನುತ್ತಾನೆ. ಪರಕೀಯನು ಹೇಳಿದ್ದರೆ ತಾವು ಹತ್ತು ಸಲ ವಿಚಾರಿಸುತ್ತಿದ್ದಿರಿ. ಮನೆಯ ಹುಡುಗ ಹೇಳಿದನೆಂದು ಸಹಿ ಹಾಕುತ್ತೀರಿ. ಬೋನಸ್ಸಿನ ಆಸೆ ತೋರಿಸಿ ದೊಡ್ಡ ಏಜೆಂಟನು ಕೊಂಡುಕೊಂಡದ್ದು ಈ ನಂಬಿಕೆಯನ್ನೇ.

ಈ ದುಡ್ಡು ಎಲ್ಲಿಂದ ಬರುತ್ತದೆ? ಉದಾಹರಣೆಗೆಂದು ಒಂದು ಲೆಕ್ಕ ಹಾಕೋಣ. ಕೊಳ್ಳುವವನು ಎಕರೆಗೆ 10 ಲಕ್ಷ ಕೊಡಲು ಸಿದ್ಧನಿದ್ದಾನೆ. ರೈತನಿಗೆ ಹೇಳಿದ್ದು 8 ಲಕ್ಷ. ಐದು ಎಕರೆಗೆ 10 ಲಕ್ಷ ನಡುವೆಯೇ ಉಳಿಯಿತು. ಹುಡುಗನಿಗೆ 40 ಲಕ್ಷದ ಮೇಲೆ ನೂರಕ್ಕೆ ಒಂದರಂತೆ 40 ಸಾವಿರ. ಬೋನಸ್ಸಿನ ಲಕ್ಷವನ್ನು ಕೊಟ್ಟರೂ ಅದು ರೈತನ ಗಂಟಿನಿಂದಲೇ ಹೋದದ್ದು. ಕೊಡದಿದ್ದರೆ ಅದೂ ದೊಡ್ಡ ಏಜೆಂಟನ ಜೇಬಿಗೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ಜಮೀನಿನ ಹೆಸರಿನಲ್ಲಿ ಏಜೆಂಟರ ಕಮಿಷನ್ನಿನ ಸರಪಳಿ ಎಷ್ಟು ಉದ್ದ ಬೆಳೆಯಬಲ್ಲದು ಎಂಬುದಕ್ಕೆ ಪಿ.ಎ.ಸಿ.ಎಲ್. ಕಂಪನಿಯ ಪ್ರಕರಣವನ್ನು ನೋಡಿ. ಕೃಷಿ ಜಮೀನು ಕೊಡುತ್ತೇವೆಂದು ಈ ಕಂಪನಿ ಏಜೆಂಟರ ಮೂಲಕ ದೇಶದಾದ್ಯಂತ ಹಣ ಕೂಡಿಸಿತು. 2014ರ ಆಗಸ್ಟ್ 22ರಂದು ಸೆಬಿ ಸಂಸ್ಥೆಯು ಆ ಹಣ ಮರಳಿಸಲು ಆಜ್ಞೆ ಮಾಡಿತು. ಹಣ ಕಟ್ಟಿದವರು ಸುಮಾರು 5.85 ಕೋಟಿ ಜನ. ಮೊತ್ತ 49,100 ಕೋಟಿ ರೂಪಾಯಿ. 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಕಂಪನಿಯ ಜಮೀನು ಮಾರಿ ಜನರ ಹಣ ಹಿಂತಿರುಗಿಸಲು ನ್ಯಾಯಮೂರ್ತಿ ಆರ್.ಎಂ. ಲೋಧಾ ಅವರ ಸಮಿತಿ ರಚಿಸಲು ಹೇಳಿತು. ಇಂಥ ವ್ಯವಹಾರ ಮುರಿದುಬಿದ್ದಾಗ ಹಣ ಕಟ್ಟಿದವರು ಮೊದಲು ಬಾಗಿಲು ಬಡಿಯುವುದು ದೂರದ ಕಂಪನಿಯದ್ದಲ್ಲ, ಊರಿನಲ್ಲೇ ಇರುವ ಏಜೆಂಟನದು.

ಕಾಯ್ದೆ ಏನು ಹೇಳುತ್ತದೆ? 2016ರ ರೇರಾ ಕಾಯ್ದೆಯಂತೆ 500 ಚದರ ಮೀಟರಿಗಿಂತ, ಅಂದರೆ ಸುಮಾರು ಐದು ಗುಂಟೆಗಿಂತ, ಹೆಚ್ಚಿನ ಜಾಗದಲ್ಲಿ ಪ್ಲಾಟು ಹಾಕಿ ಮಾರುವವರು ಆ ಬಡಾವಣೆಯನ್ನು ನೋಂದಾಯಿಸಬೇಕು. ಅದನ್ನು ಮಾರಿಸುವ ಏಜೆಂಟನೂ ನೋಂದಾಯಿಸಿಕೊಳ್ಳಬೇಕು. ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ, ಪ್ಲಾಟಿನ ಬೆಲೆಯ ನೂರಕ್ಕೆ ಐದರವರೆಗೆ ದಂಡ. ಬೋನಸ್ಸಿನ ಆಸೆಗೆ ನೋಂದಣಿಯಿಲ್ಲದೆ ಪ್ಲಾಟು ಮಾರಿಸುವ ನಮ್ಮ ಹುಡುಗನಿಗೂ ಈ ದಂಡ ತಗಲುತ್ತದೆ. ಹೊಲವನ್ನು ಹೊಲವಾಗಿಯೇ ಮಾರುವ ವ್ಯವಹಾರ ರೇರಾದ ಕೈಗೆ ಸಿಗುವುದಿಲ್ಲ. ಅಲ್ಲಿ ತಮಗೆ ಆಸರೆ 1872ರ ಕರಾರು ಕಾಯ್ದೆ: ಏಜೆಂಟನು ಕೇಳಿದಾಗ ಲೆಕ್ಕ ಒಪ್ಪಿಸಬೇಕು, ತನ್ನನ್ನು ನೇಮಿಸಿದವನಿಗೆ ತಿಳಿಸದೆ ತನ್ನ ಲಾಭಕ್ಕೆ ವ್ಯವಹಾರ ಮಾಡಿದರೆ ಆ ಲಾಭವನ್ನು ನೇಮಿಸಿದವನು ಕೇಳಬಹುದು. ಆದರೆ ಕೇಳುವುದಕ್ಕೆ ಕಾಗದ ಬೇಕು.

ಆದ್ದರಿಂದ ಮಾರುವವರು ಈ ಮಾತುಗಳನ್ನು ಪಾಲಿಸಿರಿ.

1. ಕೊಳ್ಳುವವನನ್ನು ಎದುರಿಗೆ ಕೂಡಿಸಿಕೊಂಡು ಬೆಲೆ ಮಾತಾಡಿರಿ. ಹಣ ಅವನ ಖಾತೆಯಿಂದ ನೇರವಾಗಿ ತಮ್ಮ ಬ್ಯಾಂಕ್ ಖಾತೆಗೆ ಬರಲಿ.

2. ದಲಾಲಿ ಎಷ್ಟು, ಯಾರು ಕೊಡಬೇಕು, ಆ ಕಡೆಯಿಂದಲೂ ತೆಗೆದುಕೊಳ್ಳುತ್ತಾನೆಯೇ ಎಂಬುದನ್ನು ಬರೆಸಿಕೊಳ್ಳಿರಿ.

3. ಸರಕಾರ ಮಂಜೂರು ಮಾಡಿದ ಪರಿಶಿಷ್ಟ ಜಾತಿ, ಪಂಗಡದವರ ಜಮೀನನ್ನು 1978ರ ಕಾಯ್ದೆಯಂತೆ ಸರಕಾರದ ಅನುಮತಿಯಿಲ್ಲದೆ ಮಾರಲಾಗದು. "ಅದನ್ನು ನಾವು ನೋಡಿಕೊಳ್ಳುತ್ತೇವೆ" ಎನ್ನುವವರನ್ನು ನಂಬಬೇಡಿರಿ.

ದಲಾಲಿಗೆ ಇಳಿಯುವ ತರುಣರಿಗೆ ಮೂರು ಪ್ರಶ್ನೆ. ಬೋನಸ್ಸು ಯಾವ ದಿನ, ಯಾವ ಷರತ್ತಿಗೆ? ಷರತ್ತು ಅರ್ಧ ತುಂಬಿದರೆ ಎಷ್ಟು? ಇದನ್ನು ಸಹಿ ಮಾಡಿ ಕೊಡುತ್ತೀರಾ? ಮೂರನೆಯದಕ್ಕೆ ಉತ್ತರ ನಗುವೊಂದೇ ಆದರೆ ಎದ್ದು ಬನ್ನಿರಿ. ಮೊದಲು ಹಣ ಕಟ್ಟಿ ಸೇರು, ಮೇಲೆ ಇನ್ನಿಬ್ಬರನ್ನು ಸೇರಿಸು ಎಂದರಂತೂ ಆ ಬಗೆಯ ಸರಪಳಿ ಯೋಜನೆಗಳನ್ನು ಕೇಂದ್ರದ ಕಾಯ್ದೆ 1978ರಲ್ಲೇ ನಿಷೇಧಿಸಿದೆ ಎಂಬುದು ನೆನಪಿರಲಿ.

ತೊಗರಿ ಒಂದು ವರ್ಷ ಕೈಕೊಟ್ಟರೆ ಮುಂದಿನ ಮುಂಗಾರಿಗೆ ಮತ್ತೆ ಬಿತ್ತಬಹುದು. ಮಾರಿದ ಹೊಲ ಮರಳಿ ಬರುವುದು ಕಷ್ಟ. ಮನೆಯವರ ಮಾತಿಗೆ ಹಾಕಿದ ಸಹಿಯಿಂದ ಹೊಲ ಕಳೆದುಕೊಂಡವನು, ಊರಲ್ಲಿ ಆ ಹುಡುಗನ ಮಾತನ್ನು ಇನ್ನೊಮ್ಮೆ ನಂಬುವುದಿಲ್ಲ. ವಾಚನಾಲಯದಲ್ಲಿ ಈ ಪುಟ ಓದಿದವರು, ಓದು ಬಾರದ ಹಿರಿಯರಿಗೂ ಈ ಮಾತನ್ನು ತಿಳಿಸಿರಿ.