ಮೊದಲು ಬಂದವರು ಯಾರು?

ಪ್ರತಿ ವರ್ಷ ಜುಲೈ 24ರಂದು ಅಮೆರಿಕದ ಯೂಟಾ ಸಂಸ್ಥಾನಕ್ಕೆಲ್ಲ ರಜೆ. ಅಂದು ಸಾಲ್ಟ್ ಲೇಕ್ ನಗರದ ಬೀದಿಗಳಲ್ಲಿ ದೊಡ್ಡ ಮೆರವಣಿಗೆ ಹೊರಡುತ್ತದೆ. ಅದು ರಾಜರ ನೆನಪಿನ ಉತ್ಸವವಲ್ಲ. ಸೇನೆ ಗೆದ್ದ ದಿನದ ಸಂಭ್ರಮವೂ ಅಲ್ಲ. 1847ರಲ್ಲಿ ಅದೇ ದಿನ ಬ್ರಿಗ್ಹಮ್ ಯಂಗ್ ಎಂಬ ನಾಯಕನೊಡನೆ ಆ ಬರಡು ಕಣಿವೆಗೆ ಬಂದಿಳಿದ ಬಡ ವಲಸೆಗಾರರ ಸ್ಮರಣೆ ಅದು. ಮಕ್ಕಳು ಅಜ್ಜಿ ಮುತ್ತಜ್ಜಿಯರ ಕಾಲದ ನಿಲುವಂಗಿ ತೊಟ್ಟು, ತಲೆಗೆ ಬಟ್ಟೆಯ ಟೋಪಿ ಕಟ್ಟಿ, ಮರದ ಕೈಗಾಡಿಗಳನ್ನು ಎಳೆಯುತ್ತಾರೆ.

ಈ ಮೆರವಣಿಗೆಯ ವಿಷಯ ನಮಗೆ ತಿಳಿದದ್ದು ಪೋತ್ನಾಳದ ಸಮೀಪದ ಕ್ಯಾಂಪೊಂದರಿಂದ ಬಂದ ಕಾಗದದಿಂದ ಎಂದರೆ ವಾಚಕರು ಅಚ್ಚರಿಪಡಬಹುದು. ಬರೆದವರು ನಮ್ಮ ಹಳೆಯ ಓದುಗರು, ಬತ್ತದ ಬೇಸಾಯಗಾರರು. ಅವರ ಮಗನಿಗೆ ಸಾಲ್ಟ್ ಲೇಕ್ ನಗರದಲ್ಲಿ ಉದ್ಯೋಗ. ಮೆರವಣಿಗೆಯ ದಿನ ನೆರೆಮನೆಯ ಹುಡುಗಿ ತನ್ನ ಪೂರ್ವಜರ ಹೆಸರು, ಅವರು ಹುಟ್ಟಿದ ಡೆನ್ಮಾರ್ಕಿನ ಹಳ್ಳಿ, ಏರಿದ ಹಡಗು, ನಡೆದ ದಾರಿ ಇಷ್ಟನ್ನೂ ಒಪ್ಪಿಸಿ, "ನಿಮ್ಮ ಮನೆತನದಲ್ಲಿ ಮೊದಲು ಬಂದವರು ಯಾರು?" ಎಂದು ಕೇಳಿದಳಂತೆ. ಹುಡುಗ ಅದೇ ರಾತ್ರಿ ತಂದೆಗೆ ಫೋನು ಮಾಡಿದ. ತಂದೆಗೆ ತಾತನ ಹೆಸರು ಬಂತು. ಅದರ ಆಚೆಗೆ ನಾಲಗೆ ನಿಂತಿತು. "ಕೃಷ್ಣಾ ಜಿಲ್ಲೆಯಿಂದ ಬಂದವರು ಎಂಬುದು ಗೊತ್ತು, ಯಾವ ಹಳ್ಳಿಯಿಂದ ಎಂಬುದು ತಿಳಿಯದು. ತಾಯಿಗೆ ಎಂಬತ್ತೆಂಟು ವರ್ಷ. ಎಲ್ಲಿಂದ ಹುಡುಕಲಿ?" ಎಂದು ಅವರ ಪ್ರಶ್ನೆ.

ಆ ನೆರೆಮನೆಯ ಹುಡುಗಿಗೆ ಅಷ್ಟೆಲ್ಲ ಹೇಗೆ ತಿಳಿಯಿತು ಎಂಬುದನ್ನು ಮೊದಲು ನೋಡುವುದು ಒಳಿತು. ಮಾರ್ಮನ್ನರೆಂದು ಲೋಕ ಕರೆಯುವ ಈ ಪಂಥ ಜೋಸೆಫ್ ಸ್ಮಿತ್ ಎಂಬವನಿಂದ 1830ರಲ್ಲಿ ಸ್ಥಾಪಿತವಾಯಿತು. 1844ರಲ್ಲಿ ಗುಂಪೊಂದು ಸೆರೆಮನೆಗೆ ನುಗ್ಗಿ ಅವನನ್ನು ಕೊಂದಿತು. ಎರಡು ವರ್ಷಗಳಲ್ಲಿ ಅವನ ಅನುಯಾಯಿಗಳು ಇಲಿನಾಯ್ ಸಂಸ್ಥಾನದ ತಮ್ಮ ಊರನ್ನು ಬಿಟ್ಟು ಪಶ್ಚಿಮಕ್ಕೆ ಹೊರಟರು. 1869ರಲ್ಲಿ ರೈಲುಹಾದಿ ಬರುವವರೆಗೆ ಸುಮಾರು ಎಪ್ಪತ್ತು ಸಾವಿರ ಜನ ಎತ್ತಿನ ಬಂಡಿಗಳಲ್ಲಿ, ಕಾಲುನಡಿಗೆಯಲ್ಲಿ ಆ ದಾರಿ ಸವೆಸಿದರು. ಎತ್ತು ಕೊಳ್ಳಲು ಗತಿಯಿಲ್ಲದವರು 1856ರಿಂದ ಕೈಗಾಡಿ ಎಳೆದರು. ಆ ವರ್ಷವೇ ತಡವಾಗಿ ಹೊರಟ ಎರಡು ತಂಡಗಳು ನಡುದಾರಿಯಲ್ಲಿ ಹಿಮಕ್ಕೆ ಸಿಕ್ಕಿ, ಸುಮಾರು ಸಾವಿರ ಜನರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು.

ಇಷ್ಟು ಕಷ್ಟದಲ್ಲಿಯೂ ಅವರು ಬರೆಯುವುದನ್ನು ಬಿಡಲಿಲ್ಲ. ತಂಡಕ್ಕೊಬ್ಬ ಗುಮಾಸ್ತನಿದ್ದ, ಇಂದು ಎಷ್ಟು ಮೈಲಿ ನಡೆದೆವು, ಯಾರು ಹುಟ್ಟಿದರು, ಯಾರನ್ನು ಹೂಳಿದೆವು ಎಂದು ದಿನಚರಿ ಇಟ್ಟ. ಲಿವರ್‌ಪೂಲಿನಲ್ಲಿ ಹಡಗು ಹತ್ತಿದವರ ಪಟ್ಟಿಗಳಿವೆ. ಇವೆಲ್ಲಕ್ಕಿಂತ ನಮಗೆ ಸ್ವಾರಸ್ಯವೆನಿಸಿದ್ದು ಸಾಲದ ಪಟ್ಟಿ. ಬಡವರ ದಾರಿಖರ್ಚಿಗೆಂದು 1849ರಲ್ಲಿ ಒಂದು ನಿಧಿಯನ್ನು ಕೂಡಿಸಿದ್ದರು. ನೆಲೆಯೂರಿದ ಮೇಲೆ ಹಣ ಹಿಂತಿರುಗಿಸಬೇಕು; ಹಲವರಿಂದ ಆಗಲಿಲ್ಲ. 1877ರಲ್ಲಿ ಬಾಕಿದಾರರ ಹೆಸರುಗಳನ್ನೆಲ್ಲ ಅಚ್ಚುಹಾಕಿಸಿದರು. ಅಂದು ನಾಚಿಕೆಗೆ ಕಾರಣವಾಗಿದ್ದಿರಬಹುದಾದ ಆ ಪುಸ್ತಕವನ್ನು ಇಂದು ಮರಿಮಕ್ಕಳು ಭಕ್ತಿಯಿಂದ ತಿರುವುತ್ತಾರೆ. ಸಾಲ ತೀರಿಸಿದವನ ಹೆಸರು ಅದರಲ್ಲಿಲ್ಲ, ತೀರಿಸದವನು ಚಿರಂಜೀವಿ!

ಇವರ ಈ ಹುಡುಕಾಟಕ್ಕೆ ಧರ್ಮದ ಕಾರಣವೂ ಉಂಟು. ಸತ್ತ ಹಿರಿಯರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯಬಹುದೆಂಬುದು ಅವರ ನಂಬಿಕೆ. ಅದಕ್ಕೆ ಹಿರಿಯರ ಹೆಸರು ಬೇಕು. ಮೂರು ತಲೆಮಾರಿನ ಹೆಸರು ಹಿಡಿದು ಎಳ್ಳುನೀರು ಬಿಡುವ ನಾಡಿನವರಿಗೆ ಇದು ತೀರ ವಿಚಿತ್ರವೆನಿಸಬೇಕಾಗಿಲ್ಲ. ಅವರು 1894ರಲ್ಲಿ ವಂಶಾವಳಿ ಸಂಘವನ್ನು ಕಟ್ಟಿ, 1938ರಿಂದ ಲೋಕದ ದಾಖಲೆಗಳನ್ನೆಲ್ಲ ಮೈಕ್ರೋಫಿಲ್ಮಿಗೆ ಇಳಿಸತೊಡಗಿದರು. ಆ ಸುರುಳಿಗಳನ್ನು ಕಾಪಾಡಲು ಸಾಲ್ಟ್ ಲೇಕ್ ನಗರದ ಹತ್ತಿರ ಬೆಟ್ಟದ ಕಗ್ಗಲ್ಲನ್ನು ಕೊರೆದು 1965ರಲ್ಲಿ ಭಂಡಾರವನ್ನು ಮುಗಿಸಿದರು. ಸುಮಾರು 24 ಲಕ್ಷ ಸುರುಳಿಗಳ ಡಿಜಿಟಲ್ ಪ್ರತಿ 2021ರಲ್ಲಿ ಪೂರ್ಣವಾಯಿತು. ನಮ್ಮ ಹರಿದ್ವಾರದ ಪಂಡರು ಯಾತ್ರಿಕರ ವಂಶ ಬರೆದಿಟ್ಟ ಬಹಿಗಳ ಚಿತ್ರಗಳೂ ಆ ಸಂಗ್ರಹದಲ್ಲಿವೆ.

ಆದರೆ ನಮ್ಮ ನಾಡಿಗೆ ಇದು ಹೊಸ ವಿದ್ಯೆಯೆಂದು ಯಾರೂ ಭಾವಿಸಬಾರದು. ಬೆಟ್ಟ ಕೊರೆಯುವ ಮೊದಲೇ ನಮ್ಮ ಭಂಡಾರ ಎತ್ತಿನ ಮೇಲೆ ಊರೂರು ಸುತ್ತುತ್ತಿತ್ತು. ಹೆಳವರನ್ನು ಉತ್ತರ ಕರ್ನಾಟಕದ ಯಾವ ಒಕ್ಕಲ ಮನೆ ಅರಿಯದು? ಸುಗ್ಗಿಯಾದ ಮೇಲೆ, ಕೊರಳಿಗೆ ಗಂಟೆ ಕಟ್ಟಿದ ಎತ್ತಿನ ಮೇಲೆ ಬಂದು, ಅಂಗಳದಲ್ಲಿ ನಿಂತು, ಮನೆಯ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಒಂದೇ ಉಸಿರಿಗೆ ಹೇಳುವರು. ಯಾವ ಊರಿನಿಂದ ಬಂದಿರಿ, ಯಾವ ಬರಗಾಲದಲ್ಲಿ ಬಂದಿರಿ, ಯಾವ ಅಣ್ಣತಮ್ಮಂದಿರು ಯಾವ ಊರಿಗೆ ಕವಲೊಡೆದರು ಎಂಬುದೆಲ್ಲ ಅವರ ನಾಲಗೆಯ ಮೇಲೆ. ಕಾಳು, ಬಟ್ಟೆ, ದುಡ್ಡು, ಸಿರಿವಂತರ ಮನೆಯಾದರೆ ಕರುವೊಂದು ಅವರ ಸಂಭಾವನೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಹೊತ್ತಿಗೆಯಲ್ಲಿ ಬರೆದುಕೊಂಡು ಮುಂದಿನ ಮನೆಗೆ ಹೋಗುವರು. ಇಂಥ ಊರು ಇಂಥ ಹೆಳವರಿಗೆ ಎಂಬ ಹಕ್ಕೂ ಅವರಲ್ಲಿ ವಂಶಪಾರಂಪರ್ಯವಾದದ್ದೇ.

ಹೆಳವನೆಂದರೆ ಕುಂಟ. 1909ರಲ್ಲಿ ಮದರಾಸಿನಲ್ಲಿ ಪ್ರಕಟವಾದ ಥರ್ಸ್ಟನ್ನನ ಗ್ರಂಥದಲ್ಲಿ ನೆರೆಯ ಬಳ್ಳಾರಿಯ ಹೆಳವರ ಮಾತು ಬರುತ್ತದೆ: ಕಾಲು ನೆಟ್ಟಗಿರುವುದು ಕಾಣದಂತೆ ಕಂಬಳಿ ಮುಚ್ಚಿಕೊಂಡು ಎತ್ತಿನ ಮೇಲೆ ಬರುತ್ತಿದ್ದರಂತೆ. ಹೆಸರಿಗೆ ತಕ್ಕ ವೇಷ! ಈಗ ಕಂಬಳಿಯೂ ಬೇಕಿಲ್ಲ, ಎತ್ತೂ ಅಪರೂಪ. ಮೋಟಾರು ಸೈಕಲ್ಲಿನಲ್ಲಿ ಬರುವ ಹೆಳವರ ಮಕ್ಕಳು ಶಾಲೆ ಕಲಿತು ಬೇರೆ ಉದ್ಯೋಗ ಹಿಡಿದಿದ್ದಾರೆ, ಹಿಡಿಯಲೇಬೇಕು. ಪರರ ವಂಶ ಹೇಳುವುದಕ್ಕಾಗಿ ಅವರ ವಂಶ ಬಡತನದಲ್ಲಿರಲಿ ಎನ್ನುವ ಹಕ್ಕು ನಮಗಿಲ್ಲ. ಆದರೆ ಮುದುಕ ಹೆಳವ ಅಂಗಳಕ್ಕೆ ಬಂದಾಗ ಹತ್ತು ರೂಪಾಯಿ ಕೊಟ್ಟು ಸಾಗಹಾಕುವ ಬದಲು, ಕೂರಿಸಿ, ಊಟ ಬಡಿಸಿ, ಅವನು ಹೇಳುವುದನ್ನು ಕೈಯಲ್ಲಿರುವ ಫೋನಿನಲ್ಲಿಯೇ ಧ್ವನಿಮುದ್ರಿಸಿಕೊಳ್ಳಲು ಅಡ್ಡಿಯೇನು? ಈಗ ಹೆಚ್ಚಿನ ಮನೆಗಳಲ್ಲಿ ವಂಶವೃಕ್ಷದ ನೆನಪಾಗುವುದು ಪೌತಿ ಖಾತೆಯ ಅರ್ಜಿ ಕೊಡುವ ದಿನ ಮಾತ್ರ.

ನಮ್ಮ ಓದುಗರ ಕಷ್ಟ ಇನ್ನೂ ದೊಡ್ಡದು. ಅವರ ಮನೆಗೆ ಹೆಳವ ಬರುವುದೇ ಇಲ್ಲ. ಬಂದರೂ ಹೇಳಲು ಅವನ ಹೊತ್ತಿಗೆಯಲ್ಲಿ ಈ ಮನೆತನವಿಲ್ಲ.

ಅದಕ್ಕೆ ಕಾರಣ ಹೊಳೆಯ ನೀರು. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಂತು. ಎಡದಂಡೆಯ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಯ ಎರೆಭೂಮಿಯನ್ನು ಹಾದು ರಾಯಚೂರಿನ ಕಡೆಗೆ ಹರಿಯಿತು. ಜೋಳ, ಹತ್ತಿ ಬೆಳೆದವರಿಗೆ ನೀರಾವರಿಯ ಬೇಸಾಯ ಅಪರಿಚಿತ. ಕೃಷ್ಣಾ, ಗೋದಾವರಿ, ಗುಂಟೂರಿನ ರೈತರಿಗಾದರೋ ಅದು ಕರತಲಾಮಲಕ. ಅಲ್ಲಿಯ ಒಂದೆರಡು ಎಕರೆ ಮಾರಿದ ಹಣಕ್ಕೆ ಇಲ್ಲಿ ಅದರ ಹಲವು ಪಟ್ಟು ಭೂಮಿ ಸಿಗುತ್ತಿತ್ತು. ಬಂದರು, ಜಾಲಿ ಕಡಿದರು, ಮಡಿ ಸಮ ಮಾಡಿದರು, ಗುಡಿಸಲು ಹಾಕಿದರು. ಗುಡಿಸಲುಗಳ ಗುಂಪಿಗೆ 'ಕ್ಯಾಂಪ್' ಎಂಬ ಹೆಸರಾಯಿತು. ಗುಡಿಸಲು ಹೋಗಿ ಮಾಳಿಗೆ ಬಂದರೂ ಹೆಸರು ಉಳಿಯಿತು. ಬತ್ತದ ನೀರಿಗೂ ಕಾಲುವೆಯ ತುದಿಯ ರೈತರ ಒಣಹೊಲಕ್ಕೂ ಇರುವ ಜಗಳ ಬೇರೆ ಕಥೆ. ಅದೂ ಒಂದು ದಿನ ಬರೆಯಬೇಕಾದದ್ದೇ.

ಹಾಗೆ ಬಂದವರೂ ನೆಲೆ ಹುಡುಕಿ ಬಂಡಿ ಕಟ್ಟಿದವರೇ. ಗುಮಾಸ್ತ ಮಾತ್ರ ಜೊತೆಗಿರಲಿಲ್ಲ. ಆದರೂ ಕಾಗದ ತೀರ ಇಲ್ಲವೆಂದಲ್ಲ. ಭೂಮಿ ಕೊಂಡವನಿಗೆ ಕ್ರಯಪತ್ರ ಇರಲೇಬೇಕು. ಅದರಲ್ಲಿ ಕೊಂಡವನ ಹೆಸರು, ತಂದೆಯ ಹೆಸರು, ವಯಸ್ಸು, ವಾಸದ ಊರು ಬರೆಯುವುದು ವಾಡಿಕೆ. ಮೊದಲ ಕ್ರಯಪತ್ರದಲ್ಲಿಯಾದರೆ ಆ ವಾಸದ ಊರು ಬಹುಶಃ ಬಿಟ್ಟುಬಂದ ಹಳ್ಳಿಯೇ ಆಗಿರುತ್ತದೆ. ನಮ್ಮ ಓದುಗರು ಹುಡುಕುತ್ತಿರುವುದು ಅದೇ ಅಲ್ಲವೆ? ಮನೆಯ ಪೆಟ್ಟಿಗೆಯಲ್ಲಿ ಮೂಲಪತ್ರ ಸಿಗದಿದ್ದರೆ ಉಪನೋಂದಣಿ ಕಚೇರಿಯಲ್ಲಿ ನಕಲಿಗೆ ಅರ್ಜಿ ಹಾಕಬಹುದು. ಆ ಕಾಲದ ಉಳುಮೆದಾರರನ್ನು ಕಾಣಿಸುವ 1954-55ರ ಖಾಸ್ರಾ ಪಹಣಿಯೂ ಉಪಯುಕ್ತ.

ಇಲ್ಲಿ ಒಂದು ಎಚ್ಚರಿಕೆ ಬೇಕು. 1954ರಲ್ಲಿ ಈ ಸೀಮೆಗೆ ಬಂದವನು ಬಂದದ್ದು ಹೈದರಾಬಾದ್ ರಾಜ್ಯಕ್ಕೆ. 1956ರ ನವೆಂಬರ್ 1ರಂದು ಅವನು ಮೈಸೂರು ರಾಜ್ಯದವನಾದ, 1973ರಲ್ಲಿ ಕರ್ನಾಟಕದವನಾದ. ಹೊಲದ ಬದುವಿನಿಂದ ಒಂದು ಹೆಜ್ಜೆಯನ್ನೂ ಕದಲದೆ ಮೂರು ರಾಜ್ಯ ಕಂಡ! ದಾಖಲೆಗಳೂ ಹಾಗೆಯೇ ಚದರಿವೆ. ನಿಜಾಮರ ಕಾಲದ ಕಾಗದಗಳು ಬೇಕಾದವರಿಗೆ ಹೈದರಾಬಾದಿನ ತಾರ್ನಾಕದ ಪತ್ರಾಗಾರವೇ ಗತಿಯಾಗಬಹುದು. ಅವುಗಳ ಬರಹ ಉರ್ದು, ಲೆಕ್ಕ ಫಸಲಿ ವರ್ಷದ್ದು. ಫಸಲಿಗೆ 590 ಕೂಡಿಸಿದರೆ ಹೆಚ್ಚುಕಡಮೆ ಇಂಗ್ಲಿಷ್ ವರ್ಷ ಸಿಗುತ್ತದೆ. ಫಸಲಿ 1358 ಎಂದರೆ 1948ರ ಆಸುಪಾಸು. ಮೋಡಿಯಂತೆ ಓಡುವ ಆ ಉರ್ದು ಕೈಬರಹವನ್ನು ಓದಬಲ್ಲ ಹಿರಿಯರು ರಾಯಚೂರಿನಲ್ಲಿ ಸಿಕ್ಕರೆ ಅವರನ್ನು ಬಿಡಬಾರದು.

ಹೆಸರುಗಳ ತೊಡಕು ಬೇರೆ. ತೆಲುಗರಲ್ಲಿ ಹೆಸರಿನ ಮುಂದಿನ ಅಕ್ಷರ ಮನೆತನದ ಹೆಸರಿನದು. ನಮ್ಮಲ್ಲಿ ಅದು ಊರಿನದೋ ತಂದೆಯದೋ ಎಂದು ಗುಮಾಸ್ತರು ಬಿಡಿಸಿ ಬರೆದುಬಿಡುವುದುಂಟು. ಒಂದೇ ಮನೆಯ ಅಣ್ಣತಮ್ಮಂದಿರು ಕಾಗದದಲ್ಲಿ ಬೇರೆ ಬೇರೆ ಮನೆಯವರಾಗುತ್ತಾರೆ. ಇತ್ತ ನಮ್ಮ ಮೂಲನಿವಾಸಿ ಮನೆಗಳಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ. ಬಸಪ್ಪನ ಮಗ ಅಮರಪ್ಪ, ಅಮರಪ್ಪನ ಮಗ ಮತ್ತೆ ಬಸಪ್ಪ. ಹೆಬ್ಬೆಟ್ಟು ಯಾವ ಬಸಪ್ಪನದು? ಡೆನ್ಮಾರ್ಕಿನವರದೂ ಇದೇ ಗೋಳು. ಯೆನ್ಸನ ಮಗ ಯೆನ್ಸನ್ ಎನಿಸಿಕೊಂಡು ತಲೆಮಾರಿಗೊಮ್ಮೆ ಮನೆಹೆಸರೇ ಬದಲಾಗುತ್ತಿತ್ತು. ಹೆಸರೊಂದು ಸಿಕ್ಕರೆ ಎಷ್ಟು ಬೆಳಕಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯ ಮಸ್ಕಿಯೇ ಸಾಕ್ಷಿ. ಶಾಸನಗಳ 'ದೇವಾನಾಂಪ್ರಿಯ' ಅಶೋಕನೇ ಎಂಬುದನ್ನು ಖಚಿತಪಡಿಸಿದ್ದು 1915ರಲ್ಲಿ ಅಲ್ಲಿ ಕಂಡ ಬಂಡೆಯ ಬರಹ.

ಇನ್ನು ಹೆಣ್ಣುಮಕ್ಕಳ ವಿಚಾರ. ಹೆಳವರ ಹೊತ್ತಿಗೆಯಲ್ಲಿ ಬಹುಮಟ್ಟಿಗೆ ಗಂಡುಸಂತಾನದ ಬಳ್ಳಿಯೇ ಹಬ್ಬಿದೆ. ಮೊದಲನೆಯ ಮಹಾಚುನಾವಣೆಯ ಮತದಾರರ ಪಟ್ಟಿ ಮಾಡುವಾಗ, ಸ್ವಂತ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದಷ್ಟೇ ಬರೆಸಿದ ಕಾರಣ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರನ್ನು ಕೈಬಿಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಉತ್ತರದ ಪ್ರಾಂತಗಳವರು. ಹಾಗೆಂದು ನಾವು ಬೀಗಬೇಕಾಗಿಲ್ಲ. ಕೊಟ್ಟ ಮನೆಯ ಹೆಣ್ಣುಮಗಳ ಹೆಸರು ನಮ್ಮ ವಂಶವೃಕ್ಷಗಳಲ್ಲಿ ಕಡ್ಡಾಯವೆಂಬಂತೆ ಕಾಣಿಸಿಕೊಂಡದ್ದು ಪಾಲಿನ ಹಕ್ಕು ಬಂದ ಮೇಲೆ: ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ನಮ್ಮ ಓದುಗರ ಕಾಗದವನ್ನೇ ನೋಡಿ: ಮಗನ ಹೆಸರಿದೆ, ತಂದೆಯ ಹೆಸರಿದೆ, ತಾತನ ಹೆಸರಿದೆ. ಎಲ್ಲ ಬಲ್ಲ ತಾಯಿ 'ತಾಯಿ' ಮಾತ್ರ.

ಆದ್ದರಿಂದ ಕಚೇರಿಗೆ ಹೋಗುವ ಮೊದಲು ಆ ತಾಯಿಯ ಬಳಿ ಕೂರಬೇಕು. ಯಾವ ಇಸವಿಯಲ್ಲಿ ಬಂದಿರಿ ಎಂದು ಕೇಳಿದರೆ ಎಂಬತ್ತೆಂಟರ ಹಿರಿಯರು ಏನು ಹೇಳಿಯಾರು? ಬರುವಾಗ ಯಾವ ಪಾತ್ರೆ ತಂದಿರಿ, ಎತ್ತುಗಳ ಹೆಸರೇನು, ಮೊದಲ ವರ್ಷ ಕುಡಿಯುವ ನೀರು ಎಲ್ಲಿಂದ, ಹಿರಿಯ ಮಗ ಹುಟ್ಟುವ ಮೊದಲೋ ಆಮೇಲೋ, ಮೊದಲು ತೀರಿಕೊಂಡವರನ್ನು ಎಲ್ಲಿ ಮಣ್ಣು ಮಾಡಿದಿರಿ ಎಂದು ಕೇಳಬೇಕು. ಇಸವಿ ತಾನಾಗಿ ಹೊರಬೀಳುತ್ತದೆ. ಅತ್ತೆ, ಅತ್ತೆಯ ಅತ್ತೆ, ಅವರ ತವರೂರು ಇವನ್ನು ಬಿಡದೆ ಬರೆದುಕೊಳ್ಳಬೇಕು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಲೊಲ್ಲದ ನಮ್ಮ ಕಡೆಯ ಅಜ್ಜಿಯರನ್ನು ಒಡಪು ಹೇಳಿರೆಂದು ಕೇಳಿದರೆ ಹೆಸರು ನಗುನಗುತ್ತ ಬರುತ್ತದೆ. ಒಂದೇ ದಿನದಲ್ಲಿ ಎಲ್ಲವನ್ನೂ ಕೇಳಿ ದಣಿಸುವುದು ಸಲ್ಲದು. ದಿನಕ್ಕೊಂದು ಗಂಟೆ ಸಾಕು, ಸಂಜೆಯ ಹೊತ್ತು ಮೇಲು. ಅಮೆರಿಕದ ಮೊಮ್ಮಗ ಫೋನಿನಲ್ಲಿ ತಾನೇ ಕೇಳಿದರಂತೂ ಮಗನಿಗೆ ಹೇಳದ್ದನ್ನೂ ನಾಯನಮ್ಮ ಮೊಮ್ಮಗನಿಗೆ ಹೇಳುತ್ತಾಳೆ.

ಹಳ್ಳಿಯ ಹೆಸರು ಸಿಕ್ಕಿದ ಮೇಲೆ ಅಲ್ಲಿಗೊಮ್ಮೆ ಹೋಗಿಬರುವುದು ಅಗತ್ಯ. ಅಲ್ಲಿಯೇ ಉಳಿದ ದಾಯಾದಿಗಳ ಮನೆಯಲ್ಲಿ ಮದುವೆಯ ಕರೆಯೋಲೆಗಳಿರಬಹುದು, ಗುಡಿಯ ಕಲ್ಲಿನ ಮೇಲೆ ದಾನ ಕೊಟ್ಟವರ ಹೆಸರಿರಬಹುದು, ತಾತನೊಡನೆ ಗೋಲಿಯಾಡಿದವರ ಮಕ್ಕಳು ಸಿಗಬಹುದು. ಭೂಮಿ ಕೇಳಲು ಬಂದರೇನೋ ಎಂದು ಅವರು ಮೊದಲು ಅನುಮಾನಿಸುವುದೂ ಸಹಜ. ಕ್ರಯಪತ್ರದ ನಕಲು ಚೀಲದ ತಳದಲ್ಲಿರಲಿ. ತಾಯಿಯವರು ಬಸ್ಸಿನ ಮುಂದಿನ ಸೀಟಿನಲ್ಲಿರಲಿ. ಊರ ಬಾವಿ ಯಾವ ಕಡೆಗಿತ್ತೆಂದು ತೋರಿಸಲು ಅವರೇ ಬೇಕು.