ಕ್ಲಾಟ್ ಬರೆಯುವವರಿಗೆ ಮೊದಲು ಓದಲು ಕಲಿಸೋಣ

ಕಳೆದ ಡಿಸೆಂಬರ್ ತಿಂಗಳ ಮೊದಲ ಭಾನುವಾರ ನಾನು ಬೆಂಗಳೂರಿನಲ್ಲಿ ಕ್ಲಾಟ್ ಪರೀಕ್ಷೆ ಬರೆದೆ. ನಮ್ಮ ಕಾಲೇಜಿನಿಂದ ಈ ಸಲ ಬರೆದವರು ಇಬ್ಬರೇ. ನನಗೆ 120ಕ್ಕೆ 61.5 ಅಂಕ ಬಂತು. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ನನಗೆ ಸೀಟು ಸಿಗಲು ಅದು ಸಾಲಲಿಲ್ಲ. ಕಾರಿಡಾರಿನಲ್ಲಿ ಸಿಕ್ಕವರೆಲ್ಲ "ಏನಾಯ್ತು?" ಎಂದು ಮೆಲ್ಲಗೆ ಕೇಳುತ್ತಿರುವುದರಿಂದ ಮೊದಲೇ ಹೇಳಿಬಿಟ್ಟೆ. ಗೆದ್ದವರ ಅನುಭವ ಎಲ್ಲ ಕಡೆ ಓದಲು ಸಿಗುತ್ತದೆ. ಸೀಟು ಸಿಗದವಳ ಮಾತೂ ಒಮ್ಮೆ ನಮ್ಮ ಪತ್ರಿಕೆಯಲ್ಲಿ ಬರಲಿ ಎಂದು ಬರೆಯುತ್ತಿದ್ದೇನೆ.

ನನಗೆ ಕಾನೂನು ಓದುವ ಆಸೆ ಹುಟ್ಟಿದ್ದು ಒಂದು ತಪ್ಪಿನಿಂದ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅಜ್ಜನ ಕಾಲದ ಜಾಗದ ವ್ಯಾಜ್ಯ ಹೈಕೋರ್ಟಿನಲ್ಲಿತ್ತು. ಒಂದು ಸಂಜೆ ವಕೀಲರು ಆದೇಶದ ಪ್ರತಿಯನ್ನು ಉಪ್ಪನ ವಾಟ್ಸಾಪ್‌ಗೆ ಕಳುಹಿಸಿದರು. ಹನ್ನೊಂದು ಪುಟ, ಎಲ್ಲವೂ ಇಂಗ್ಲಿಷ್. ಮನೆಯಲ್ಲಿ ಆರು ಜನ ಇದ್ದೆವು. ಗೆದ್ದೆವೋ ಸೋತೆವೋ ಯಾರಿಗೂ ಗೊತ್ತಾಗಲಿಲ್ಲ. ಉಪ್ಪ ಫೋನನ್ನು ನನ್ನ ಕೈಗೆ ಕೊಟ್ಟು, "ನೀನು ಓದುವವಳಲ್ಲವಾ, ಏನು ಬರೆದಿದ್ದಾರೆ ಹೇಳು" ಎಂದರು. ಕೊನೆಯ ಪುಟದಲ್ಲಿ 'ಡಿಸ್ಮಿಸ್ಡ್' ಎಂಬ ಪದ ಕಂಡಿತು. "ನಮ್ಮದು ವಜಾ ಆಗಿದೆ" ಎಂದೆ. ಉಮ್ಮ ಅತ್ತರು. ಆ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ವಕೀಲರಿಗೆ ಫೋನ್ ಮಾಡಿದಾಗ ತಿಳಿಯಿತು: ವಜಾ ಆದದ್ದು ಎದುರಿನವರು ಹಾಕಿದ್ದ ಮೇಲ್ಮನವಿ. ನಾವು ಗೆದ್ದಿದ್ದೆವು! ನಾನು ಒಂದು ಪದ ಓದಿದ್ದೆ, ವಾಕ್ಯ ಓದಿರಲಿಲ್ಲ.

ಕ್ಲಾಟ್‌ಗೆ ತಯಾರಿ ಮಾಡುವಾಗಲೂ ಮೊದಲ ಆರು ತಿಂಗಳು ನಾನು ಇದೇ ತಪ್ಪು ಮಾಡಿದೆ. ಪ್ರಥಮ ಪಿಯುಸಿಯಲ್ಲಿ ಹಳೆಯ ಪುಸ್ತಕದಂಗಡಿಯಿಂದ ಒಂದು ದಪ್ಪ ಗೈಡ್ ತಂದೆ. ಸಂವಿಧಾನದ ವಿಧಿಗಳನ್ನು, ಭಾರತೀಯ ದಂಡ ಸಂಹಿತೆಯ ಸೆಕ್ಷನ್‌ಗಳನ್ನು ಸುಬ್ಹಿ ನಮಾಝಿನ ನಂತರ ಕುಳಿತು ಬಾಯಿಪಾಠ ಮಾಡಿದೆ. 2024ರ ಜುಲೈ 1ರಿಂದಲೇ ಆ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿತ್ತು. ಅಂದರೆ ನಾನು ಕಂಠಪಾಠ ಮಾಡುತ್ತಿದ್ದ ನಂಬರ್‌ಗಳೇ ಹಳತಾಗಿದ್ದವು. ಅದಕ್ಕಿಂತ ದೊಡ್ಡ ವಿಷಯ ಮೊದಲ ಮಾಕ್ ಟೆಸ್ಟ್ ಬರೆದಾಗ ತಿಳಿಯಿತು. ಈ ಪರೀಕ್ಷೆಯಲ್ಲಿ ಸೆಕ್ಷನ್ ನಂಬರ್ ಕೇಳುವುದೇ ಇಲ್ಲ. ನನಗೆ ಬಂದದ್ದು 29 ಅಂಕ.

ಗೊತ್ತಿಲ್ಲದವರಿಗಾಗಿ ಪರೀಕ್ಷೆಯ ಸ್ವರೂಪ ಹೇಳುತ್ತೇನೆ. ಎರಡು ಗಂಟೆ, 120 ಪ್ರಶ್ನೆ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಗಣಿತ ಎಂದು ಐದು ಭಾಗ. ಪ್ರಚಲಿತ ವಿದ್ಯಮಾನ ಮತ್ತು ಕಾನೂನು ತರ್ಕಕ್ಕೆ ಸುಮಾರು ಕಾಲು ಕಾಲು ಭಾಗ, ಇಂಗ್ಲಿಷ್ ಮತ್ತು ಸಾಮಾನ್ಯ ತರ್ಕಕ್ಕೆ ಸುಮಾರು ಐದನೇ ಒಂದೊಂದು ಭಾಗ, ಗಣಿತಕ್ಕೆ ಹತ್ತನೇ ಒಂದು ಭಾಗ. ಪ್ರತಿ ಭಾಗದಲ್ಲೂ ಮೊದಲು ಒಂದು ಪ್ಯಾಸೇಜ್, ಆಮೇಲೆ ಅದರ ಮೇಲೆ ಪ್ರಶ್ನೆಗಳು. ಒಂದು ಪ್ಯಾಸೇಜ್ 450 ಪದಗಳವರೆಗೂ ಇರಬಹುದು. ಅಂಥ ಇಪ್ಪತ್ತಕ್ಕೂ ಹೆಚ್ಚು ಪ್ಯಾಸೇಜ್‌ಗಳನ್ನು ಓದಿ, ಅರ್ಥ ಮಾಡಿಕೊಂಡು, ಉತ್ತರಿಸಬೇಕು.

ಕಾನೂನು ತರ್ಕದಲ್ಲೂ ನಿಯಮವನ್ನು ಅವರೇ ಕೊಡುತ್ತಾರೆ. ಒಂದು ಉದಾಹರಣೆ ನೋಡಿ. ಒಬ್ಬ ತನ್ನ ಬೈಕನ್ನು ಗ್ಯಾರೇಜಿಗೆ ರಿಪೇರಿಗೆ ಕೊಟ್ಟಿದ್ದಾನೆ. ದುಡ್ಡು ಕೊಡುವುದನ್ನು ತಪ್ಪಿಸಲು ರಾತ್ರಿ ಯಾರಿಗೂ ಹೇಳದೆ ಬೈಕ್ ತೆಗೆದುಕೊಂಡು ಹೋಗುತ್ತಾನೆ. ಇದು ಕಳ್ಳತನವೇ? "ಅವನದೇ ಬೈಕ್, ಕಳ್ಳತನ ಹೇಗಾಗುತ್ತದೆ?" ಎಂದು ನಾವು ಥಟ್ಟನೆ ಹೇಳುತ್ತೇವೆ. ಆದರೆ ಪ್ಯಾಸೇಜಿನಲ್ಲಿ, ವಸ್ತು ಯಾರ ಸ್ವಾಧೀನದಲ್ಲಿತ್ತು ಎಂಬುದೇ ಮುಖ್ಯ, ರಿಪೇರಿ ಹಣ ಬರುವವರೆಗೆ ಅದನ್ನು ಇಟ್ಟುಕೊಳ್ಳುವ ಹಕ್ಕು ಗ್ಯಾರೇಜಿನವರಿಗಿದೆ ಎಂದು ನಿಯಮ ಕೊಟ್ಟಿದ್ದರೆ ಉತ್ತರ "ಹೌದು, ಕಳ್ಳತನ". ಮೊದಲೇ ತಲೆಯಲ್ಲಿದ್ದ ಅಭಿಪ್ರಾಯವನ್ನು ಬದಿಗಿಟ್ಟು ಎದುರಿಗಿರುವ ವಾಕ್ಯವನ್ನು ಓದುವವರಿಗೆ ಅಂಕ ಬರುತ್ತದೆ.

ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಇದರ ಲೆಕ್ಕವೂ ನನಗೆ ತಡವಾಗಿ ಅರ್ಥವಾಯಿತು. ಒಂದು ಮಾಕ್‌ನಲ್ಲಿ ಅವಸರದಿಂದ 100 ಪ್ರಶ್ನೆ ಮುಟ್ಟಿದೆ. 60 ಸರಿ, 40 ತಪ್ಪು, ಕೈಗೆ ಸಿಕ್ಕಿದ್ದು 50. ಮುಂದಿನದರಲ್ಲಿ ನಿಧಾನವಾಗಿ 80 ಮಾತ್ರ ಮಾಡಿದೆ; 58 ಸರಿ, 22 ತಪ್ಪು, ಸಿಕ್ಕಿದ್ದು 52.5. ಇಪ್ಪತ್ತು ಪ್ರಶ್ನೆ ಕಡಿಮೆ ಮಾಡಿದರೂ ಅಂಕ ಜಾಸ್ತಿ.

ಹಾಗಾದರೆ 29ರಿಂದ 61.5ಕ್ಕೆ ಹೇಗೆ ಬಂದೆ? ಒಂದು ಆನ್‌ಲೈನ್ ಕೋಚಿಂಗಿಗೆ ಉಪ್ಪ ಕಷ್ಟಪಟ್ಟು ದುಡ್ಡು ಕಟ್ಟಿದ್ದರು. ಅಲ್ಲಿ ಸಿಕ್ಕಿದ್ದು ಹೆಚ್ಚಾಗಿ ರೆಕಾರ್ಡ್ ಮಾಡಿದ ವಿಡಿಯೊಗಳು. ನನಗೆ ನಿಜವಾಗಿ ಸಹಾಯವಾದದ್ದು ನಮ್ಮ ಲೈಬ್ರರಿಯ ಇಂಗ್ಲಿಷ್ ಪತ್ರಿಕೆ ಮತ್ತು ಒಂದು ನೂರು ಪುಟದ ನೋಟ್‌ಬುಕ್. ದಿನಕ್ಕೊಂದು ಸಂಪಾದಕೀಯ ಓದುವುದು. ನಂತರ ಪತ್ರಿಕೆ ಮುಚ್ಚಿಟ್ಟು ಮೂರು ಸಾಲು ಬರೆಯುವುದು: ಬರೆದವರು ಏನು ಹೇಳುತ್ತಿದ್ದಾರೆ, ಅದಕ್ಕೆ ಕೊಟ್ಟ ಕಾರಣವೇನು, ಅದನ್ನು ಒಪ್ಪದವರು ಏನು ಹೇಳಬಹುದು. ಈ ಮೂರು ಸಾಲುಗಳನ್ನು ನಾನು ಕನ್ನಡದಲ್ಲೇ ಬರೆಯುತ್ತಿದ್ದೆ. ಮನೆಯಲ್ಲಿ ಬ್ಯಾರಿ, ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಪರೀಕ್ಷೆ ಇಂಗ್ಲಿಷ್‌ನಲ್ಲಿ. ಕನ್ನಡದಲ್ಲಿ ಬರೆಯಲು ಆಗದಿದ್ದರೆ ಇಂಗ್ಲಿಷ್‌ನಲ್ಲಿ ಓದಿದ್ದು ಅರ್ಥವಾಗಿಲ್ಲ ಎಂದೇ ಲೆಕ್ಕ. ಮೊದಮೊದಲು ಒಂದು ಸಂಪಾದಕೀಯಕ್ಕೆ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಅಕ್ಟೋಬರ್ ಹೊತ್ತಿಗೆ ಹತ್ತು ನಿಮಿಷ ಸಾಕಾಯಿತು. ಕ್ಲಾಟ್ ನಡೆಸುವ ವಿಶ್ವವಿದ್ಯಾಲಯಗಳ ಒಕ್ಕೂಟದ ಜಾಲತಾಣದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಅವನ್ನು ಬರೆದು, ತಪ್ಪಾದ ಪ್ರತಿ ಪ್ರಶ್ನೆಯ ಎದುರು "ಯಾಕೆ ತಪ್ಪಾಯಿತು" ಎಂದು ಗುರುತು ಹಾಕಿದೆ. ಅರ್ಧಕ್ಕಿಂತ ಹೆಚ್ಚು ಕಡೆ ನಾನು ಬರೆದುಕೊಂಡ ಕಾರಣ ಒಂದೇ: ಪೂರ್ತಿ ಓದಲಿಲ್ಲ.

ಪರೀಕ್ಷೆ ಇಂಗ್ಲಿಷ್‌ನಲ್ಲಿ ಮಾತ್ರ ಇರುವುದು ನ್ಯಾಯವೇ ಎಂದು ಕೇಳಿದರೆ, ಅಲ್ಲ ಎನ್ನುತ್ತೇನೆ. ಪ್ರಾದೇಶಿಕ ಭಾಷೆಗಳಲ್ಲೂ ಇರಲಿ ಎಂದು ಕೋರಿ 2023ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿ ಹೋಗಿತ್ತು. ಈ ಅಸಮಾನತೆಯನ್ನು ಬಹಳ ಮೊದಲೇ ಗುರುತಿಸಿದವರಲ್ಲಿ ಒಬ್ಬರು ಪ್ರೊ. ಶಮ್ನಾದ್ ಬಶೀರ್. ಕೇರಳದವರು, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಓದಿದವರು. ಈ ವಿಶ್ವವಿದ್ಯಾಲಯಗಳಿಗೆ ಹೆಚ್ಚಾಗಿ ನಗರದ, ಇಂಗ್ಲಿಷ್ ಬಲ್ಲ, ಉಳ್ಳವರ ಮಕ್ಕಳೇ ಬರುತ್ತಿದ್ದಾರೆ ಎಂದು ಕಂಡು 2010ರಲ್ಲಿ 'ಐಡಿಐಎ' ಎಂಬ ಸಂಸ್ಥೆ ಕಟ್ಟಿದರು. ಹಿಂದುಳಿದ ಹಿನ್ನೆಲೆಯ ವಿದ್ಯಾರ್ಥಿಗಳಿಗೆ ಅದು ಕ್ಲಾಟ್ ತರಬೇತಿ ಕೊಡುತ್ತದೆ. 2019ರಲ್ಲಿ ನಮ್ಮ ಚಿಕ್ಕಮಗಳೂರಿನ ಬಳಿಯೇ ಅವರು ತೀರಿಕೊಂಡರು. ಅವರು ಕಟ್ಟಿದ ಸಂಸ್ಥೆ ಇಂದಿಗೂ ಇದೆ ಎಂಬುದು ನನಗೆ ತಿಳಿದದ್ದು ದ್ವಿತೀಯ ಪಿಯುಸಿಯ ಸೆಪ್ಟೆಂಬರ್‌ನಲ್ಲಿ. ಎರಡು ವರ್ಷ ಮೊದಲೇ ಯಾರಾದರೂ ಹೇಳಿದ್ದರೆ!

ಮನಸ್ಸಿನ ವಿಷಯವನ್ನೂ ಹೇಳಬೇಕು. ನವೆಂಬರ್‌ನಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ಒಂದು ಕಡೆ ಕಾಲೇಜಿನ ಪರೀಕ್ಷೆಗಳು, ಇನ್ನೊಂದು ಕಡೆ ಫೋನ್ ತೆರೆದರೆ 95, 100 ಅಂಕ ತೋರಿಸುವ ಯಾರದೋ ಮಾಕ್ ಪಟ್ಟಿ. ಇಂಗ್ಲಿಷ್ ಮೇಡಂ ಬಳಿ ಅತ್ತೆ. ಅವರು ದೊಡ್ಡ ಉಪದೇಶ ಮಾಡಲಿಲ್ಲ. "ವಾರಕ್ಕೆ ಒಂದೇ ಮಾಕ್ ಬರೆ, ಉಳಿದ ದಿನ ಅದರ ತಪ್ಪು ನೋಡು, ಆ ಗ್ರೂಪುಗಳಿಂದ ಹೊರಗೆ ಬಾ" ಎಂದರು. ಹಾಗೆ ಮಾಡಿದ ಮೇಲೆ ನಿದ್ದೆ ಬಂತು. ಪರೀಕ್ಷೆಯ ದಿನ ಒಂದು ಗಣಿತದ ಪ್ಯಾಸೇಜಿಗೆ ಸಿಕ್ಕಿಹಾಕಿಕೊಂಡು ಹತ್ತು ನಿಮಿಷ ಕಳೆದುಕೊಂಡೆ. ಬಿಟ್ಟು ಮುಂದೆ ಹೋಗುವ ಧೈರ್ಯವನ್ನೂ ಅಭ್ಯಾಸ ಮಾಡಬೇಕಿತ್ತು ಎಂದು ಈಗ ಅನಿಸುತ್ತದೆ.

ಫಲಿತಾಂಶದ ದಿನ ಎರಡು ಗಂಟೆ ಚಾದರ ಹೊದ್ದು ಮಲಗಿದ್ದೆ. ಉಪ್ಪ ಬಂದು ಹೇಳಿದ್ದು ಒಂದೇ ಮಾತು: "ಆ ದಿನ ಹನ್ನೊಂದು ಪುಟ ಓದಲು ಆಗಲಿಲ್ಲ. ಈಗ ಆಗ್ತದಾ?" ಆಗುತ್ತದೆ. ಅಲ್‌ಹಮ್ದುಲಿಲ್ಲಾಹ್, ಈಗ ಆಗುತ್ತದೆ.

ಸೀಟು ಸಿಗದಿದ್ದರೆ ವಕೀಲಿಕೆಯ ಬಾಗಿಲು ಮುಚ್ಚಿತು ಎಂದು ತಿಳಿಯಬೇಡಿ. ನಮ್ಮ ಜಿಲ್ಲೆಯ ಬೆಳುವಾಯಿಯಲ್ಲಿ ಹುಟ್ಟಿದ ನ್ಯಾಯಮೂರ್ತಿ ಎಸ್. ಅಬ್ದುಲ್ ನಝೀರ್ ಮಂಗಳೂರಿನಲ್ಲೇ ಕಾನೂನು ಓದಿ, ವಕೀಲರಾಗಿ, 2017ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು. ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಎಂ. ಫಾತಿಮಾ ಬೀವಿ ತಿರುವನಂತಪುರದ ಸರ್ಕಾರಿ ಕಾನೂನು ಕಾಲೇಜಿನಲ್ಲಿ ಓದಿದವರು. ಅವರ ಕಾಲದಲ್ಲಿ ಕ್ಲಾಟ್ ಇರಲೇ ಇಲ್ಲ. ಅದು ಆರಂಭವಾದದ್ದು 2008ರಲ್ಲಿ. ಇಂದಿಗೂ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಪಿಯುಸಿ ನಂತರ ಐದು ವರ್ಷದ ಕೋರ್ಸ್ ಇದೆ, ಪದವಿಯ ನಂತರ ಮೂರು ವರ್ಷದ್ದೂ ಇದೆ. ಕ್ಲಾಟ್‌ಗೂ ಗರಿಷ್ಠ ವಯೋಮಿತಿ ಇಲ್ಲ, ಮತ್ತೊಮ್ಮೆ ಬರೆಯಬಹುದು. ನಾನು ಮಂಗಳೂರಿನಲ್ಲೇ ಐದು ವರ್ಷದ ಕೋರ್ಸ್ ಸೇರಲು ನಿರ್ಧರಿಸಿದ್ದೇನೆ.

ಹಾಗೆಂದು ನ್ಯಾಷನಲ್ ಲಾ ಸ್ಕೂಲಿನ ಆಸೆ ಬಿಡಿ ಎಂದು ಜೂನಿಯರ್‌ಗಳಿಗೆ ಹೇಳುವುದಿಲ್ಲ. ನಾಗರಭಾವಿಯ ಆ ಲಾ ಸ್ಕೂಲಿನಲ್ಲಿ, ಕನಿಷ್ಠ 10 ವರ್ಷ ಕರ್ನಾಟಕದಲ್ಲಿ ಓದಿದವರಿಗೆ ಶೇ. 25 ಮೀಸಲಾತಿ ಇದೆ. ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಇಲ್ಲೇ ನನ್ನ ದೂರು ಇರುವುದು. ನೀಟ್‌ಗೆ ನಮ್ಮಲ್ಲಿ ಬೆಳಗ್ಗಿನ ವಿಶೇಷ ತರಗತಿ ಇದೆ, ಸಿಇಟಿಗೆ ವಾರದ ಟೆಸ್ಟ್ ಇದೆ. ಅವು ಬೇಕು. ಆದರೆ ಕಲಾ ಮತ್ತು ವಾಣಿಜ್ಯ ವಿಭಾಗದವರಿಗೆ ಕ್ಲಾಟ್ ಎಂಬುದೊಂದಿದೆ ಎಂದು ಹೇಳುವ ಒಂದು ಪೋಸ್ಟರ್ ಕೂಡ ಇಲ್ಲ. ಕಾನೂನು ಎಂದರೆ ಬೇರೇನೂ ಸಿಗದವರು ಹೋಗುವ ದಾರಿ ಎಂಬ ಭಾವನೆ ಮನೆಗಳಲ್ಲೂ ಇದೆ, ಸ್ವಲ್ಪ ಮಟ್ಟಿಗೆ ನಮ್ಮ ಸ್ಟಾಫ್ ರೂಮಿನಲ್ಲೂ ಇದೆ. ಸರ್, ಮೇಡಂ, ಕ್ಷಮಿಸಿ, ಆದರೆ ನಿಜ. ಬೋರ್ಡ್ ಪರೀಕ್ಷೆಗೆ ತೊಂದರೆಯಾಗುತ್ತದೆ ಎಂಬ ಮಾತು ನನಗೂ ಕೇಳಿಬಂತು. ನನ್ನ ಅನುಭವ ಬೇರೆ. ವಾಕ್ಯವನ್ನು ಪೂರ್ತಿ ಓದುವ ಅಭ್ಯಾಸವಾದ ಮೇಲೆ ಇತಿಹಾಸ, ರಾಜ್ಯಶಾಸ್ತ್ರದ ಪಾಠಗಳೂ ಹಗುರವಾದವು.

ನಾನು ಕೇಳುವುದು ಹೆಚ್ಚೇನೂ ಇಲ್ಲ. ಜೂನ್‌ನಲ್ಲಿ ಪ್ರಥಮ ಪಿಯುಸಿಯವರು ಸೇರಿದ ವಾರವೇ ಕ್ಲಾಟ್ ಬಗ್ಗೆ ಒಂದು ಗಂಟೆ ತಿಳಿಸಿಕೊಡಿ, ಪೋಷಕರನ್ನೂ ಕರೆಯಿರಿ. ಲೈಬ್ರರಿಗೆ ಇಂಗ್ಲಿಷ್ ಪತ್ರಿಕೆಯ ಇನ್ನೊಂದು ಪ್ರತಿ ತರಿಸಿ. ಈಗಿರುವ ಒಂದು ಪ್ರತಿ ಮಧ್ಯಾಹ್ನದವರೆಗೆ ಸ್ಟಾಫ್ ರೂಮಿನಲ್ಲೇ ಇರುತ್ತದೆ. ತಿಂಗಳಿಗೊಮ್ಮೆ ಹಳೆಯ ಪ್ರಶ್ನೆಪತ್ರಿಕೆ ಬರೆಸಿ, ಮರುದಿನ ತಪ್ಪುಗಳನ್ನು ಒಟ್ಟಿಗೆ ಕುಳಿತು ನೋಡೋಣ. ಅರ್ಜಿ ಶುಲ್ಕ ₹4,000, ಬಿಪಿಎಲ್ ಕುಟುಂಬದವರಿಗೆ ₹3,500. ಅದನ್ನು ಕಟ್ಟಲಾಗದವರಿಗೆ ಹಳೆ ವಿದ್ಯಾರ್ಥಿಗಳು ಕೈಜೋಡಿಸಬಹುದು. ಅರ್ಜಿ ಆಗಸ್ಟ್ ಹೊತ್ತಿಗೆ ಶುರುವಾಗುತ್ತದೆ ಎಂಬುದು ನೆನಪಿರಲಿ.

ನನ್ನ ನೂರು ಪುಟದ ನೋಟ್‌ಬುಕ್ಕನ್ನು ಲೈಬ್ರರಿಯನ್ ಸರ್ ಬಳಿ ಕೊಟ್ಟಿದ್ದೇನೆ. ಅಕ್ಷರ ಅಷ್ಟು ಚೆನ್ನಾಗಿಲ್ಲ, ತಪ್ಪುಗಳೂ ಹಾಗೇ ಇವೆ. ಬೇಕಾದವರು ಕೇಳಿ ತೆಗೆದುಕೊಳ್ಳಿ. ನೀವೆಲ್ಲರೂ ವಕೀಲರಾಗಬೇಕಿಲ್ಲ. ಆದರೆ ಮನೆಗೊಂದು ಆದೇಶದ ಪ್ರತಿ ಬಂದರೆ, ಯಾರ ಮೇಲ್ಮನವಿ ವಜಾ ಆಯಿತು ಎಂದು ಸರಿಯಾಗಿ ಓದಿ ಹೇಳುವವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರಲಿ.