ಕೋಡ್ ಬಿಟ್ಟುಕೊಟ್ಟರೆ ಸಾಕೇ?

'ಕೋಡ್ ಹಂಚಿದರೆ ಸಾಕು, ಪರವಾನಗಿ ಎಂಬುದು ವಕೀಲರ ಕಸರತ್ತು' ಎಂದು ಲೇಖನವೊಂದರಲ್ಲಿ ಲೇಖಕರು ಆಡಿದ ಮಾತು ಕೇಳಲು ಉದಾರವಾಗಿದೆ, ಕಾನೂನಿನ ಮುಂದೆ ನಿಲ್ಲುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ, ಕತೆ ಕಾದಂಬರಿಗಳ ಸಾಲಿನಲ್ಲೇ. ಪರವಾನಗಿ ಬರೆಯದೆ ಬಿಟ್ಟ ಕೋಡ್ ಊರೊಟ್ಟಿನ ಆಸ್ತಿಯಾಗುವುದಿಲ್ಲ. ಹಕ್ಕು ಬರೆದವರಲ್ಲೇ ಉಳಿಯುತ್ತದೆ, ನಂಬಿ ಬಳಸಿದವರು ಕಟಕಟೆ ಹತ್ತಬೇಕಾದೀತು.

ತಂತ್ರಾಂಶ ಹಂಚುವವರು ಮೂಲ ಕೋಡನ್ನೂ ಕೊಡಬೇಕೆನ್ನುವ ಜಿಪಿಎಲ್ ಪರವಾನಗಿ ಕಂಪನಿಗಳನ್ನು ದೂರ ಓಡಿಸುತ್ತದಂತೆ! ಲಿನಕ್ಸ್‌ನ ಮೊದಲ ಪರವಾನಗಿ ವಿತರಣೆಗೆ ದುಡ್ಡು ಕೇಳುವುದನ್ನೇ ತಡೆದಿತ್ತು. 1992ರಲ್ಲಿ ಜಿಪಿಎಲ್‌ಗೆ ಬಂದ ಮೇಲೆಯೇ ವ್ಯಾಪಾರಕ್ಕೆ ದಾರಿಯಾಯಿತು. ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ರೂಟರ್‌ನೊಳಗೆ ಲಿನಕ್ಸ್ ಇರುವುದು 2003ರಲ್ಲಿ ಪತ್ತೆಯಾದಾಗ, ಒತ್ತಾಯಕ್ಕೆ ಮಣಿದ ಕಂಪನಿ ಮೂಲ ಕೋಡ್ ಬಹಿರಂಗಪಡಿಸಬೇಕಾಯಿತು. ಅದರಿಂದಲೇ ರೂಟರ್‌ಗಳ ಮುಕ್ತ ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ರೂಟರ್ ಮಾರಾಟ ನಿಂತಿತೇ? ಅದೇ ಕಂಪನಿ ಮುಂದೆ ಲಿನಕ್ಸ್ ಪ್ರಿಯರಿಗೆಂದೇ ಡಬ್ಲ್ಯುಆರ್‌ಟಿ54ಜಿಎಲ್ ಎಂಬ ಮಾದರಿಯನ್ನು ಮಾರುಕಟ್ಟೆಗೆ ಬಿಟ್ಟಿತು.

'ಪರವಾನಗಿ ಆಮೇಲೆ ನೋಡಿಕೊಳ್ಳೋಣ' ಎಂಬ ಲೇಖಕರ ಸಲಹೆಯಂತೂ ಅಪಾಯಕಾರಿ. ಹತ್ತಾರು ಕೈಗಳು ಸೇರಿ ಬರೆದ ಕೋಡ್‌ಗೆ ಅಷ್ಟೇ ಮಂದಿ ಹಕ್ಕುದಾರರು. ವಿಎಲ್‌ಸಿ ಮೀಡಿಯಾ ಪ್ಲೇಯರ್‌ನ ಮುಖ್ಯ ಭಾಗಗಳನ್ನು ಜಿಪಿಎಲ್‌ನಿಂದ ಅದಕ್ಕಿಂತ ಸಡಿಲವಾದ ಎಲ್‌ಜಿಪಿಎಲ್ ಪರವಾನಗಿಗೆ ಬದಲಿಸಲು ಆ ತಂಡ ನೂರಾರು ಕೊಡುಗೆದಾರರನ್ನು ಹುಡುಕಿ ಒಪ್ಪಿಗೆ ಕೇಳಬೇಕಾಯಿತು. ಮೊದಲ ದಿನವೇ ಪರವಾನಗಿಯ ಫೈಲೊಂದನ್ನು ಸೇರಿಸಲು ಲೇಖಕರಿಗೆ ಎಷ್ಟು ಹೊತ್ತು ಬೇಕು?